ಮೊದಲ ಗೇಮಿಂಗ್ ಕಂಪ್ಯೂಟರ್: ಭಾಗಗಳ ಆಯ್ಕೆಯಿಂದ ಆಟ ಶುರುವಾಗುವವರೆಗೆ

ಗೇಮಿಂಗ್ ಕಂಪ್ಯೂಟರನ್ನು ತಾವೇ ಜೋಡಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಪ್ರೊಸೆಸರ್ ಕೊಳ್ಳಬೇಕು ಎಂದು. ಆ ಪ್ರಶ್ನೆಯನ್ನು ನಾಲ್ಕನೆಯದಾಗಿ ಇಟ್ಟುಕೊಳ್ಳಿ. ಯಾವ ಆಟ ಆಡುತ್ತೀರಿ, ಯಾವ ಮಾನಿಟರ್‌ನಲ್ಲಿ ಆಡುತ್ತೀರಿ, ಆ ಮಾನಿಟರ್‌ಗೆ ಎಂಥ ಗ್ರಾಫಿಕ್ಸ್ ಕಾರ್ಡ್ ಬೇಕು ಎಂಬ ಮೂರು ಮಾತು ಮೊದಲು ತೀರ್ಮಾನವಾಗಲಿ. ಅವು ತೀರ್ಮಾನವಾದರೆ ಉಳಿದ ಭಾಗಗಳ ಆಯ್ಕೆ ಅರ್ಧ ಮುಗಿದಂತೆಯೇ. ಸ್ಕ್ರೂ ಬಿಗಿಯುವ ಕೆಲಸ ಒಂದು ಮಧ್ಯಾಹ್ನದ್ದು, ಹತ್ತನೇ ತರಗತಿಯ ಹುಡುಗ ಹುಡುಗಿಯರೂ ಮಾಡಬಲ್ಲರು. ಹಣ ಪೋಲಾಗುವುದು ಹೆಚ್ಚಾಗಿ ಅದಕ್ಕೂ ಮೊದಲು, ಪಟ್ಟಿ ಬರೆಯುವಾಗ.

ಮಾನಿಟರ್‌ನಿಂದ ಶುರುಮಾಡಿ

ವ್ಯಾಲರೆಂಟ್, ಕೌಂಟರ್-ಸ್ಟ್ರೈಕ್ 2ರಂಥ ಸ್ಪರ್ಧೆಯ ಆಟಗಳಿಗೆ ಸೆಕೆಂಡಿಗೆ ಹೆಚ್ಚು ಫ್ರೇಮುಗಳು (ಒಂದರ ಹಿಂದೊಂದು ಮೂಡುವ ಚಿತ್ರಗಳು) ಬೇಕು, ಚಿತ್ರದ ಸೊಗಸು ಅಲ್ಲಿ ಎರಡನೆಯ ಮಾತು. ಇವು ಪ್ರೊಸೆಸರನ್ನು ಚೆನ್ನಾಗಿ ದುಡಿಸುತ್ತವೆ. ಸೈಬರ್‌ಪಂಕ್ 2077ರಂಥ ಕಥೆಯ ಆಟಗಳಲ್ಲಿ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುತ್ತದೆ. ನಿಮ್ಮ ಮನಸ್ಸು ಯಾವ ಕಡೆಗಿದೆ ಎಂಬುದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಆಮೇಲೆ ರೆಸಲ್ಯೂಷನ್, ಅಂದರೆ ಮಾನಿಟರ್‌ನಲ್ಲಿ ಎಷ್ಟು ಚುಕ್ಕೆಗಳು (ಪಿಕ್ಸೆಲ್) ಇವೆ ಎಂಬುದು. 1080ಪಿ ಎನ್ನುವ 1920×1080ರ ಮಾನಿಟರ್‌ನಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿರುತ್ತವೆ. 2560×1440ರಲ್ಲಿ 36.9 ಲಕ್ಷ, 4ಕೆ ಎನ್ನುವ 3840×2160ರಲ್ಲಿ 82.9 ಲಕ್ಷ. ಪ್ರತಿ ಫ್ರೇಮಿನಲ್ಲೂ ಅಷ್ಟೂ ಪಿಕ್ಸೆಲ್‌ಗಳಿಗೆ ಗ್ರಾಫಿಕ್ಸ್ ಕಾರ್ಡ್ ಬಣ್ಣ ಲೆಕ್ಕ ಹಾಕಬೇಕು. ಮೊದಲ ಕಂಪ್ಯೂಟರ್‌ಗೆ 4ಕೆ ಮಾನಿಟರ್ ತರಬೇಡಿ ಎನ್ನುವುದು ಇದಕ್ಕೇ: ಮಾನಿಟರ್‌ಗೆ ಕೊಟ್ಟ ಹಣಕ್ಕಿಂತ ಅದನ್ನು ಸಾಕುವ ಕಾರ್ಡಿನ ಹಣ ಎಷ್ಟೋ ಹೆಚ್ಚಾಗುತ್ತದೆ. 24 ಇಂಚಿನ 1080ಪಿ ಮಾನಿಟರ್, ಐಪಿಎಸ್ ಪ್ಯಾನೆಲ್, 144 ಹರ್ಟ್ಸ್ ಅಥವಾ ಹೆಚ್ಚಿನ ರಿಫ್ರೆಶ್ ದರ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಎಂಬುದು). ಹೆಚ್ಚಿನವರಿಗೆ ನನ್ನ ಸಲಹೆ ಇದೇ. 60 ಹರ್ಟ್ಸ್‌ನಲ್ಲಿ ಚಿತ್ರ ಬದಲಾಗಲು 16.7 ಮಿಲಿಸೆಕೆಂಡ್ ಬೇಕು, 144 ಹರ್ಟ್ಸ್‌ನಲ್ಲಿ ಸುಮಾರು 7 ಸಾಕು. ಮೌಸ್ ಅಲ್ಲಾಡಿಸಿದ ಕ್ಷಣವೇ ಈ ವ್ಯತ್ಯಾಸ ಕಣ್ಣಿಗೆ ತಿಳಿಯುತ್ತದೆ.

ಈಗ ಕಾರ್ಡ್. ಮಾನಿಟರ್ ಬಿಟ್ಟು ಉಳಿದ ಮೊತ್ತದಲ್ಲಿ ಶೇ. 35ರಿಂದ 40ರಷ್ಟನ್ನು ಇದಕ್ಕೇ ತೆಗೆದಿಡಿ. 1080ಪಿಗೆ ಎನ್‌ವಿಡಿಯಾದ ಆರ್‌ಟಿಎಕ್ಸ್ 5060, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ, ಇಂಟೆಲ್‌ನ ಆರ್ಕ್ ಬಿ580 ಈ ಮೂರರ ಸುತ್ತ ಹುಡುಕಿ. ಕಾರ್ಡಿನ ಸ್ವಂತ ಮೆಮೊರಿಯನ್ನು ವಿಶೇಷವಾಗಿ ಗಮನಿಸಿ. 5060ರಲ್ಲಿ 8 ಜಿಬಿ, ಬಿ580ಯಲ್ಲಿ 12 ಜಿಬಿ ಇದೆ. 9060 ಎಕ್ಸ್‌ಟಿ ಮಾತ್ರ ಒಂದೇ ಹೆಸರಿನಲ್ಲಿ 8 ಜಿಬಿ, 16 ಜಿಬಿ ಎಂದು ಎರಡು ರೂಪದಲ್ಲಿ ಮಾರಾಟವಾಗುತ್ತದೆ. ಡಬ್ಬಿಯ ಮೇಲಿನ ಅಂಕಿ ಓದದೆ ಹಣ ಕೊಡಬೇಡಿ. ಇಂದಿನ ಭಾರೀ ಆಟಗಳು ಗರಿಷ್ಠ ಗುಣಮಟ್ಟದಲ್ಲಿ 8 ಜಿಬಿಯನ್ನು 1080ಪಿಯಲ್ಲೇ ತುಂಬಿಸಿಬಿಡುತ್ತವೆ, ಆಗ ಸರಾಸರಿ ಫ್ರೇಮ್ ಸಂಖ್ಯೆ ಚೆನ್ನಾಗಿದ್ದರೂ ಆಟ ನಡುನಡುವೆ ತಡವರಿಸುತ್ತದೆ. ಕೈಯಲ್ಲಿ ಹಣವಿದ್ದರೆ 16 ಜಿಬಿಯದನ್ನೇ ತನ್ನಿ. ಸ್ಪರ್ಧೆಯ ಆಟಗಳಷ್ಟೇ ಸಾಕೆನ್ನುವವರಿಗೆ 8 ಜಿಬಿ ಧಾರಾಳ. ಆರ್ಕ್ ಕಾರ್ಡ್‌ಗಳಿಗೆ ಬಯೋಸ್‌ನಲ್ಲಿ, ಅಂದರೆ ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡಿನ (ಮುಂದೆ ಬರೀ ಬೋರ್ಡ್) ಮೂಲ ತಂತ್ರಾಂಶದಲ್ಲಿ, ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಲೇ ಬಳಸಲು ಬಿಡುವ ಸೌಲಭ್ಯ) ಚಾಲೂ ಇರಲೇಬೇಕು, ಆ ಸೌಲಭ್ಯವಿಲ್ಲದ ಹಳೆಯ ಬೋರ್ಡ್‌ಗೆ ಅವು ಹೊಂದುವುದಿಲ್ಲ.

ಪ್ರೊಸೆಸರ್, ಬೋರ್ಡ್, ರ್‍ಯಾಮ್

ಈ ಮಾರ್ಗದರ್ಶಿಯ ಉದಾಹರಣೆಗೆ ಎಎಂಡಿ ರೈಜನ್ 5 7600 ಆರಿಸಿಕೊಂಡಿದ್ದೇನೆ. 6 ಕೋರ್, 12 ಥ್ರೆಡ್, ಜೊತೆಯಲ್ಲೇ ಬರುವ ಕೂಲರ್, ಒಳಗೆ ಪುಟ್ಟದೊಂದು ಗ್ರಾಫಿಕ್ಸ್. ಆ ಪುಟ್ಟ ಗ್ರಾಫಿಕ್ಸ್‌ನಿಂದ ದೊಡ್ಡ ಆಟ ನಡೆಯದು. ಆದರೆ ಕಾರ್ಡ್ ಕೈಕೊಟ್ಟ ದಿನ ಕಂಪ್ಯೂಟರ್ ಕತ್ತಲಾಗದಂತೆ ಅದು ಕಾಯುತ್ತದೆ. ಇಂಟೆಲ್ ಹೆಸರುಗಳ ಕೊನೆಯಲ್ಲಿ ಎಫ್ ಅಕ್ಷರವಿದ್ದರೆ ಈ ಸೌಲಭ್ಯವಿಲ್ಲವೆಂದು ಅರ್ಥ. 7600 ಕೂರುವ ಎಎಂ5 ಸಾಕೆಟ್‌ಗೆ 2027ರವರೆಗಾದರೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಮೂರು ನಾಲ್ಕು ವರ್ಷದ ಮೇಲೆ ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸುವ ದಾರಿ ತೆರೆದಿರುತ್ತದೆ.

ಎಎಂ5ಗೆ ಡಿಡಿಆರ್5 ರ್‍ಯಾಮ್ ಮಾತ್ರ ಹೊಂದುತ್ತದೆ, ಅದರ ಬೆಲೆ 2025ರ ಕೊನೆಯಿಂದ ವಿಪರೀತ ಏರಿದೆ. ಬಜೆಟ್ ಬಿಗಿಯಾದರೆ ಡಿಡಿಆರ್4 ರ್‍ಯಾಮ್ ಬಳಸುವ ರೈಜನ್ 5 5600 ಕೂಡ ಮರ್ಯಾದಸ್ತ ಆಯ್ಕೆಯೇ. ಮನೆಯಲ್ಲಿ ಹಳೆಯ ಡಿಡಿಆರ್4 ಕಡ್ಡಿಗಳಿದ್ದರಂತೂ ಅದೇ ಜಾಣ ದಾರಿ.

ರ್‍ಯಾಮ್ ಕನಿಷ್ಠ 16 ಜಿಬಿ ಇರಲಿ, ಅದೂ 8 ಜಿಬಿಯ ಎರಡು ಕಡ್ಡಿಗಳಾಗಿ. ಒಂದೇ ಕಡ್ಡಿ ಹಾಕಿದರೆ ಪ್ರೊಸೆಸರ್‌ಗೂ ಮೆಮೊರಿಗೂ ನಡುವಿನ ದಾರಿ ಅರ್ಧದಷ್ಟು ಕಿರಿದಾಗುತ್ತದೆ. ಮುಂದೆ 32 ಜಿಬಿ ಬೇಕೆನಿಸುವುದು ಖಚಿತವಾದರೆ ಈಗಲೇ 16ರ ಎರಡು ಕಡ್ಡಿಗಳಿರುವ ಜೋಡಿಯನ್ನು ಕೊಳ್ಳಿ. ಎಎಂ5 ಬೋರ್ಡಿನಲ್ಲಿ ನಾಲ್ಕು ಕಡ್ಡಿ ತುಂಬಿಸಿದರೆ ಮೆಮೊರಿಯ ವೇಗ ಬಹಳ ಇಳಿಯುತ್ತದೆ, ಹಾಗಾಗಿ ‘ಆಮೇಲೆ ಇನ್ನೆರಡು ಸೇರಿಸಿದರಾಯಿತು’ ಎಂಬ ಲೆಕ್ಕ ಇಲ್ಲಿ ಕೈಗೂಡುವುದಿಲ್ಲ. ಡಿಡಿಆರ್5 ಆದರೆ ವೇಗ 6000 ಎಂದಿರುವುದನ್ನು ಹುಡುಕಿ.

ಬೋರ್ಡ್ ಬಿ650 ಚಿಪ್‌ಸೆಟ್‌ನ ಮೈಕ್ರೋ ಎಟಿಎಕ್ಸ್ (ಚಿಕ್ಕ ಅಳತೆಯದು) ಸಾಕು. ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದೆಯೇ ನೋಡಿ. ರೈಜನ್ 9000 ಸರಣಿಯ ಪ್ರೊಸೆಸರ್ ಬಂದದ್ದು 2024ರ ಆಗಸ್ಟ್‌ನಲ್ಲಿ, ಅದಕ್ಕೂ ಹಿಂದೆ ತಯಾರಾದ ಬಿ650 ಬೋರ್ಡ್ ಅದನ್ನು ಗುರುತಿಸಬೇಕಾದರೆ ಬಯೋಸ್ ಹೊಸದಾಗಬೇಕು. ಈ ಗುಂಡಿಯಿದ್ದರೆ ಪೆನ್‌ಡ್ರೈವ್ ಒಂದರಿಂದಲೇ ಆ ಕೆಲಸ ಆಗುತ್ತದೆ. ಎಸ್‌ಎಸ್‌ಡಿ (ಆಟಗಳನ್ನೂ ಕಡತಗಳನ್ನೂ ಇಡುವ ಭಾಗ) 1 ಟಿಬಿಯ ಎನ್‌ವಿಎಂಇ ಎಂಬ ವೇಗದ ಬಗೆಯದಿರಲಿ, 100 ಜಿಬಿ ದಾಟುವ ಆಟಗಳು ಈಗ ಅಪರೂಪವಲ್ಲ.

ಪವರ್ ಸಪ್ಲೈ ವಿಷಯದಲ್ಲಿ ರಾಜಿ ಬೇಡ

ಪಟ್ಟಿಯಲ್ಲಿ ಹಣ ಉಳಿಸಲು ಎಲ್ಲರ ಕೈ ಹೋಗುವುದು ಪವರ್ ಸಪ್ಲೈ ಕಡೆಗೇ. ಅದರಿಂದ ಒಂದು ಫ್ರೇಮೂ ಹೆಚ್ಚುವುದಿಲ್ಲ ಎಂಬುದು ನಿಜ. ಆದರೆ ಮಿಕ್ಕ ಎಲ್ಲ ಭಾಗಗಳಿಗೂ ಕರೆಂಟ್ ಹೋಗುವುದು ಅದರ ಮೂಲಕವೇ. ಕಳಪೆಯದು ಕೆಟ್ಟರೆ ಒಂಟಿಯಾಗಿ ಹೋಗದೆ ಬೋರ್ಡನ್ನೋ ಕಾರ್ಡನ್ನೋ ಜೊತೆಗೆ ಕರೆದುಕೊಂಡು ಹೋಗುವ ಸಾಧ್ಯತೆ ಇದೆ.

ಲೆಕ್ಕ ಹಾಕೋಣ. 7600ರ ಟಿಡಿಪಿ (ತಯಾರಕರು ಹೇಳುವ ಶಾಖದ ಅಂಕಿ) 65 ವ್ಯಾಟ್ ಎಂದಿದ್ದರೂ ಪೂರ್ಣ ಭಾರದಲ್ಲಿ ಅದು 88 ವ್ಯಾಟ್‌ವರೆಗೆ ಎಳೆಯಬಹುದು. 16 ಜಿಬಿಯ 9060 ಎಕ್ಸ್‌ಟಿಗೆ 160 ವ್ಯಾಟ್. ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆ 50 ಎನ್ನಿ. ಒಟ್ಟು 300ರ ಆಸುಪಾಸು. ಹೆಸರಾಂತ ತಯಾರಕರ 550 ವ್ಯಾಟ್ ಸಾಕು, ಮುಂದೆ ದೊಡ್ಡ ಕಾರ್ಡ್ ಹಾಕುವ ಆಸೆಯಿದ್ದರೆ 650. ‘80 ಪ್ಲಸ್ ಬ್ರಾಂಜ್’ ಅಥವಾ ‘ಗೋಲ್ಡ್’ ಮುದ್ರೆ ಇರಲಿ. ಅದು ಹೇಳುವುದು ವಿದ್ಯುತ್ ಎಷ್ಟು ಕಡಿಮೆ ಪೋಲಾಗುತ್ತದೆ ಎಂಬುದನ್ನು ಮಾತ್ರ, ಆದ್ದರಿಂದ ವಾರಂಟಿ ಎಷ್ಟು ವರ್ಷ ಎಂಬುದನ್ನೂ ನೋಡಿ. ಐದು ವರ್ಷಕ್ಕಿಂತ ಕಡಿಮೆ ವಾರಂಟಿಯದನ್ನು ನಾನು ಯಾರಿಗೂ ಹೇಳುವುದಿಲ್ಲ.

ನಮ್ಮ ಊರುಗಳಲ್ಲಿ ಕರೆಂಟ್ ಹೋಗುವುದು ಬರುವುದು ಇದ್ದದ್ದೇ, ಹಾಗಾಗಿ ಯುಪಿಎಸ್ ಮಾತು ಬಂದೇ ಬರುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಒಳಗೆ 300 ವ್ಯಾಟ್ ಖರ್ಚಾಗುವಾಗ ಗೋಡೆಯಿಂದ ಸುಮಾರು 350 ಎಳೆಯುತ್ತದೆ, ಅದಕ್ಕೆ ಮಾನಿಟರ್‌ನ 30 ಸೇರಿಸಿ. ಆಟದ ನಡುವೆ ಕರೆಂಟ್ ಹೋದರೆ ಆ ಯುಪಿಎಸ್ ಓವರ್‌ಲೋಡ್ ಆಗಿ ತಾನೇ ಆಫ್ ಆಗುತ್ತದೆ. 1000 ವಿಎ ಅಥವಾ ಹೆಚ್ಚಿನದು ತನ್ನಿ, ಅದೂ ವ್ಯಾಟ್‌ನಲ್ಲಿ 550-600 ಎಂದು ಬರೆದಿರುವುದನ್ನು. ಅದು ಉಳಿಸಿಕೊಡುವುದು ಕೆಲವೇ ನಿಮಿಷ: ಆಟ ಸೇವ್ ಮಾಡಿ ಶಟ್‌ಡೌನ್ ಮಾಡಲು ಅಷ್ಟು ಸಾಕು. ಮನೆಯ ಇನ್ವರ್ಟರ್‌ನಿಂದಲೇ ನಡೆಸುವುದಾದರೆ ಅದು ಸೈನ್ ವೇವ್‌ನದ್ದಾಗಿರಲಿ, ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ಇನ್ನೊಂದು ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವುದು ನಿಧಾನವಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ಹಳೆಯ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ ಆ ಕೋಣೆಯ ಪ್ಲಗ್‌ಗೆ ಅರ್ತಿಂಗ್ ಸರಿಯಾಗಿದೆಯೇ ಎಂದು ಪರೀಕ್ಷಿಸಿ. ಕೇಸ್ ಮುಟ್ಟಿದರೆ ಜುಮ್ಮೆನ್ನುವುದು ಅರ್ತಿಂಗ್ ಇಲ್ಲದ ಲಕ್ಷಣ.

ಕೇಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂಭಾಗ ಗಾಜಿನದಲ್ಲ, ಜಾಲರಿಯದಾಗಿರಲಿ. ಮುಂದೆ ಎರಡು ಫ್ಯಾನ್ ಗಾಳಿ ಎಳೆಯಲಿ, ಹಿಂದೆ ಒಂದು ಹೊರಹಾಕಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಕೋಣೆಯ ಗಾಳಿಗಿಂತ ಕೇಸಿನ ಒಳಗಿನ ಗಾಳಿ ಎಂದೂ ತಂಪಾಗಿರುವುದಿಲ್ಲ.

ಕೊಳ್ಳುವಾಗ

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ವಾರದ ದಿನ ಬೆಳಗ್ಗೆ ಹೋದರೆ ಮಾತನಾಡಲು ಪುರಸೊತ್ತು ಸಿಗುತ್ತದೆ. ಪಟ್ಟಿಯನ್ನು ಕಾಗದದ ಮೇಲೆ ಪೂರ್ಣ ಮಾದರಿ ಸಂಖ್ಯೆಯ ಸಮೇತ ಬರೆದುಕೊಂಡು ಹೋಗಿ, ಮೂರು ನಾಲ್ಕು ಕಡೆ ಬೆಲೆ ಕೇಳಿ, ಆನ್‌ಲೈನ್ ಬೆಲೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಹೇಳುವ ಬೆಲೆ ಶೇ. 18ರ ಜಿಎಸ್‌ಟಿ ಸೇರಿಯೋ ಬಿಟ್ಟೋ ಎಂದು ಮೊದಲೇ ಕೇಳಿ. ಯಾವ ಅಂಗಡಿಯಲ್ಲಾದರೂ ‘ನೀವು ಬರೆದ ಪವರ್ ಸಪ್ಲೈ ಇಲ್ಲ, ಅಷ್ಟೇ ವ್ಯಾಟಿನ ಇನ್ನೊಂದು ಕೊಡುತ್ತೇವೆ’ ಎಂದರೆ ಒಪ್ಪಬೇಡಿ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ, ವಾರಂಟಿಗೆ ಆಧಾರ ಅದೇ. ಆನ್‌ಲೈನ್‌ನಲ್ಲಿ ತರಿಸಿದರೆ ಡಬ್ಬಿಯ ಮೊಹರು ಒಡೆಯುವುದರಿಂದ ಹಿಡಿದು ಭಾಗ ಹೊರಬರುವವರೆಗೂ ಒಂದೇ ವಿಡಿಯೋದಲ್ಲಿ ಚಿತ್ರೀಕರಿಸಿ. ವಿದೇಶದಿಂದ ಬರುವ ನೆಂಟರ ಕೈಲಿ ಕಾರ್ಡ್ ತರಿಸುವ ಯೋಚನೆಯಿದ್ದರೆ ಆ ತಯಾರಕರ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ವಿಚಾರಿಸಿ.

ಜೋಡಣೆ

ದೊಡ್ಡ ಮರದ ಮೇಜು, ಒಳ್ಳೆಯ ಬೆಳಕು, ತುದಿಯಲ್ಲಿ ಆಯಸ್ಕಾಂತವಿರುವ ಪ್ಲಸ್ ಸ್ಕ್ರೂಡ್ರೈವರ್. ಇಷ್ಟೇ ಸಲಕರಣೆ. ನೆಲಹಾಸಿನ ಮೇಲೆ ಕೂತು ಮಾಡಬೇಡಿ. ಆಗಾಗ ಕೇಸಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟುತ್ತಿರಿ, ಮೈಯಲ್ಲಿ ಕೂಡಿದ ಸ್ಥಾಯಿ ವಿದ್ಯುತ್ ಇಳಿದುಹೋಗುತ್ತದೆ.

ಬೋರ್ಡನ್ನು ಅದರದೇ ಡಬ್ಬಿಯ ಮೇಲೆ ಇಡಿ. ಎಎಂ5 ಸಾಕೆಟ್‌ನ ಪಕ್ಕದ ಸರಳನ್ನು ಒತ್ತಿ, ಹೊರಕ್ಕೆ ಸರಿಸಿ, ಮೇಲೆತ್ತಿ. ಲೋಹದ ಚೌಕಟ್ಟು ತೆರೆಯುತ್ತದೆ. ಒಳಗೆ ಕೂದಲಿನಷ್ಟು ತೆಳ್ಳಗಿನ 1718 ಸಂಪರ್ಕ ಕಡ್ಡಿಗಳಿವೆ. ಅಲ್ಲಿಗೆ ಬೆರಳು, ಬಟ್ಟೆ ಏನೂ ತಾಗಕೂಡದು. ಪ್ರೊಸೆಸರ್‌ನ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ, ಅಂಚುಗಳಲ್ಲಿ ಹಿಡಿದು, ಮೇಲಿಂದ ನೇರವಾಗಿ ಇಳಿಸಿ ಬಿಟ್ಟುಬಿಡಿ. ಒತ್ತುವಂತಿಲ್ಲ, ಉಜ್ಜುವಂತಿಲ್ಲ. ಚೌಕಟ್ಟು ಮುಚ್ಚಿ ಸರಳನ್ನು ಕೆಳಗೆ ತರುವಾಗ ಮಾತ್ರ ಚೆನ್ನಾಗಿಯೇ ಬಲ ಬೇಕಾಗುತ್ತದೆ, ಕಿರಕ್ ಎಂದು ಸದ್ದೂ ಬರುತ್ತದೆ. ಹೆದರಬೇಡಿ, ಅದು ಹಾಗೆಯೇ. ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನೇ ಚಿಮ್ಮಿ ಹೊರಬರುತ್ತದೆ. ಅದನ್ನು ಎಸೆಯದೆ ತೆಗೆದಿಡಿ, ಬೋರ್ಡ್ ವಾರಂಟಿಗೆ ಕಳಿಸುವಾಗ ಬೇಕಾಗುತ್ತದೆ.

ರ್‍ಯಾಮ್ ಕಡ್ಡಿಗಳನ್ನು ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಿ. ಬೋರ್ಡಿನ ಮೇಲೆ ಎ2, ಬಿ2 ಎಂದು ಬರೆದಿರುತ್ತದೆ. ಕಡ್ಡಿಯ ಕಚ್ಚು ಸ್ಲಾಟ್‌ನ ಕಚ್ಚಿಗೆ ಹೊಂದಿಸಿ, ಎರಡೂ ತುದಿಯಲ್ಲಿ ಟಕ್ ಎನ್ನುವವರೆಗೆ ಒತ್ತಿ. ಎಸ್‌ಎಸ್‌ಡಿಯನ್ನು ಪ್ರೊಸೆಸರ್‌ಗೆ ಹತ್ತಿರದ ಎಂ.2 ಸ್ಲಾಟ್‌ಗೆ ಓರೆಯಾಗಿ ತೂರಿಸಿ, ಕೆಳಗೊತ್ತಿ ಸ್ಕ್ರೂ ಹಾಕಿ. ಅದರ ಮೇಲೆ ಕೂರುವ ಹೀಟ್‌ಸಿಂಕ್‌ನ ಅಡಿಯಲ್ಲಿ ತೆಳು ಪ್ಲಾಸ್ಟಿಕ್ ಹಾಳೆ ಇದ್ದರೆ ಕಿತ್ತುಹಾಕಿ.

ಹೊಸಬರು ಹೆಚ್ಚು ಪರದಾಡುವ ಜಾಗ ಕೂಲರ್. ಡಬ್ಬಿಯಲ್ಲಿ ಬರುವ ರೇತ್ ಸ್ಟೆಲ್ತ್ ಕೂಲರ್‌ಗೆ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳಿವೆ. ಅವು ನೇರವಾಗಿ ಬೋರ್ಡಿನ ಹಿಂಬದಿಯ ಲೋಹದ ತಟ್ಟೆಗೆ ಬಿಗಿಯಬೇಕು. ಹಾಗಾಗಿ ಸಾಕೆಟ್‌ನ ಎರಡು ಬದಿಯ ಪ್ಲಾಸ್ಟಿಕ್ ಪಟ್ಟಿಗಳನ್ನು ಮೊದಲು ಬಿಚ್ಚಬೇಕು, ಈ ಮಾತು ಹೊಸಬರಿಗೆ ಹೊಳೆಯುವುದಿಲ್ಲ. ಹಳೆಯ ಎಎಂ4 ಬೋರ್ಡಿನಲ್ಲಿ (5600 ಕೂರುವುದು ಇದರಲ್ಲೇ) ಪಟ್ಟಿ ಬಿಚ್ಚಿದೊಡನೆ ಹಿಂದಿನ ತಟ್ಟೆ ಕೆಳಗೆ ಬೀಳುತ್ತದೆ, ಇನ್ನೊಂದು ಕೈಯಲ್ಲಿ ಹಿಡಿದಿರಿ. ಕೂಲರ್‌ನ ಅಡಿಯಲ್ಲಿ ಬೂದು ಬಣ್ಣದ ಥರ್ಮಲ್ ಪೇಸ್ಟ್ ಮೊದಲೇ ಹಚ್ಚಿರುತ್ತದೆ, ಬೇರೆ ಹಚ್ಚಬೇಡಿ. ಬೇರೆ ಕೂಲರ್ ತಂದಿದ್ದು ಅದಕ್ಕೆ ಪೇಸ್ಟ್ ಹಚ್ಚಿರದಿದ್ದರೆ ಪ್ರೊಸೆಸರ್‌ನ ನಡುವೆ ಬಟಾಣಿ ಕಾಳಿನಷ್ಟು ಸಾಕು. ನಾಲ್ಕೂ ಸ್ಕ್ರೂಗಳ ತುದಿ ಕಚ್ಚಿದ ಮೇಲೆ ಎದುರು ಬದುರು ಮೂಲೆಗಳಲ್ಲಿ ಎರಡೆರಡು ಸುತ್ತಿನಂತೆ ಬಿಗಿಯುತ್ತ ಬನ್ನಿ. ಒಂದು ಮೂಲೆಯನ್ನೇ ಪೂರ್ತಿ ಬಿಗಿದರೆ ಕೂಲರ್ ವಾಲುತ್ತದೆ, ಪೇಸ್ಟ್ ಒಂದು ಕಡೆಗೆ ಸರಿದುಹೋಗುತ್ತದೆ. ಫ್ಯಾನಿನ ತಂತಿಯನ್ನು ‘ಸಿಪಿಯು ಫ್ಯಾನ್’ ಎಂದಿರುವಲ್ಲಿ ಚುಚ್ಚಿ.

ಕೇಸಿಗೆ ಹಾಕುವ ಮೊದಲೇ ಒಮ್ಮೆ ಚಾಲೂ ಮಾಡಿ ನೋಡುವುದು ಒಳ್ಳೆಯ ಅಭ್ಯಾಸ. ಪವರ್ ಸಪ್ಲೈಯ 24 ಪಿನ್ ಮತ್ತು ಪ್ರೊಸೆಸರ್‌ನ 8 ಪಿನ್ ತಂತಿ ಸಿಕ್ಕಿಸಿ, ಮಾನಿಟರನ್ನು ಬೋರ್ಡಿಗೆ ಜೋಡಿಸಿ, ‘ಪವರ್ ಸ್ವಿಚ್’ ಎಂದಿರುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕ್ಷಣಮಾತ್ರ ಒಟ್ಟಿಗೆ ಮುಟ್ಟಿಸಿ. 7600ರ ಒಳಗಿನ ಗ್ರಾಫಿಕ್ಸ್ ಇಲ್ಲಿ ನೆರವಿಗೆ ಬರುತ್ತದೆ. ಮೊದಲ ಸಲ ಕೆಲವು ನಿಮಿಷ ಮಾನಿಟರ್ ಕಪ್ಪಗೇ ಇರಬಹುದು, ಕಾಯಿರಿ. ಬಯೋಸ್ ಕಂಡರೆ ಗಟ್ಟಿ ಅಡಿಪಾಯ ಆಯಿತು. ಆಫ್ ಮಾಡಿ, ಪ್ಲಗ್ ತೆಗೆದು ಮುಂದುವರಿಯಿರಿ.

ಕೇಸಿನ ಒಳಗೆ ಬೋರ್ಡ್ ಕೂರುವ ಪುಟ್ಟ ಹಿತ್ತಾಳೆ ಕಂಬಗಳನ್ನು ಬೋರ್ಡಿನ ತೂತುಗಳಿಗೆ ಹೋಲಿಸಿ ನೋಡಿ. ತೂತಿಲ್ಲದ ಕಡೆ ಕಂಬ ಇದ್ದರೆ ತೆಗೆಯಿರಿ, ಅದು ಬೋರ್ಡಿನ ಹಿಂಭಾಗಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ. ಹಿಂಬದಿಯ ಲೋಹದ ಫಲಕ ಬೋರ್ಡಿಗೆ ಅಂಟಿಕೊಂಡಿಲ್ಲದಿದ್ದರೆ ಅದನ್ನು ಮೊದಲು ಕೇಸಿಗೆ ಒತ್ತಿ ಕೂರಿಸಿ. ಪ್ರೊಸೆಸರ್‌ನ 8 ಪಿನ್ ತಂತಿಯನ್ನು ಮೇಲಿನ ಮೂಲೆಯಿಂದ ಈಗಲೇ ತೂರಿಸಿಡಿ, ಆಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಮುಂಭಾಗದ ಗುಂಡಿ, ದೀಪಗಳ ಸಣ್ಣ ತಂತಿಗಳಿಗೆ ಬೋರ್ಡಿನ ಕೈಪಿಡಿ ನೋಡಿ. ಗುಂಡಿಗಳ ತಂತಿ ತಿರುಗಿಸಿ ಹಾಕಿದರೂ ನಡೆಯುತ್ತದೆ, ಎಲ್‌ಇಡಿ ದೀಪಗಳಿಗೆ ಮಾತ್ರ ಪ್ಲಸ್ ಮೈನಸ್ ಸರಿಯಿರಬೇಕು. ದಪ್ಪ ಯುಎಸ್‌ಬಿ 3 ತಂತಿಯನ್ನು ನೇರವಾಗಿ ಒತ್ತಿ, ಓರೆಯಾದರೆ ಪಿನ್ ಬಗ್ಗುತ್ತದೆ.

ಕೊನೆಗೆ ಗ್ರಾಫಿಕ್ಸ್ ಕಾರ್ಡ್. ಮೇಲಿನ ಉದ್ದ ಸ್ಲಾಟ್‌ಗೆ ಟಕ್ ಎನ್ನುವವರೆಗೆ ಒತ್ತಿ, ಹಿಂದೆ ಸ್ಕ್ರೂ ಹಾಕಿ, ವಿದ್ಯುತ್ ತಂತಿ ಪೂರ್ತಿ ಕೂರುವಂತೆ ಸಿಕ್ಕಿಸಿ. ಬಿಚ್ಚಿ ತೆಗೆಯಬಹುದಾದ ತಂತಿಗಳ ಪವರ್ ಸಪ್ಲೈ ಆದರೆ ಅದರ ಡಬ್ಬಿಯಲ್ಲಿ ಬಂದ ತಂತಿಗಳನ್ನೇ ಬಳಸಿ. ಇನ್ನೊಂದರ ತಂತಿ ನೋಡಲು ಒಂದೇ ಥರ ಇದ್ದರೂ ಒಳಗಿನ ಪಿನ್ ಕ್ರಮ ಬೇರೆ ಇರಬಹುದು, ಎಸ್‌ಎಸ್‌ಡಿ, ಬೋರ್ಡ್ ಎಲ್ಲ ಸುಟ್ಟುಹೋಗಬಹುದು.

ಚಾಲೂ ಮಾಡಿದ ಮೇಲೆ

ಮಾನಿಟರ್ ತಂತಿ ಈಗ ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ. ಇದನ್ನು ಮರೆತವರು ಹೊಸ ಕಾರ್ಡಿನ ಮೇಲೆ ಸುಮ್ಮನೆ ಅನುಮಾನಪಡುತ್ತಾರೆ. ಡಿಡಿಆರ್5 ಬೋರ್ಡ್‌ಗಳು ಮೊದಲ ಸಲ ಮೆಮೊರಿಯನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ, ಅಷ್ಟು ಹೊತ್ತು ಮಾನಿಟರ್ ಕಪ್ಪಗೇ ಇರುತ್ತದೆ. ಗಾಬರಿಯಿಂದ ಆಫ್ ಮಾಡಬೇಡಿ. ಕಾಲು ಗಂಟೆ ಕಳೆದರೂ ಏನೂ ಬರದಿದ್ದರೆ ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ್‍ಯಾಮ್, ವಿಜಿಎ (ಗ್ರಾಫಿಕ್ಸ್ ಕಾರ್ಡ್), ಬೂಟ್ ಎಂಬ ಪುಟ್ಟ ದೀಪಗಳಲ್ಲಿ ಯಾವುದು ಉರಿಯುತ್ತಿದೆ ನೋಡಿ. ಡಿರ್‍ಯಾಮ್ ಎಂದಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಕಡ್ಡಿಗಳನ್ನು ಹೊರತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ. ಬಹಳಷ್ಟು ಸಲ ಅಷ್ಟೇ ಆಗಿರುತ್ತದೆ.

ಬಯೋಸ್‌ನಲ್ಲಿ ಎಕ್ಸ್‌ಪೋ (ಮೆಮೊರಿಯನ್ನು ಡಬ್ಬಿಯ ಮೇಲೆ ಬರೆದ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಚಾಲೂ ಮಾಡಿ. ಮಾಡದಿದ್ದರೆ 6000ದ ರ್‍ಯಾಮ್ ಸಾಮಾನ್ಯವಾಗಿ 4800ರಲ್ಲೇ ಓಡುತ್ತಿರುತ್ತದೆ. ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳು ಚಾಲೂ ಇರಲಿ, ವಿಂಡೋಸ್ 11ರಲ್ಲಿ ವ್ಯಾಲರೆಂಟ್ ಆಡಲು ಇವೆರಡೂ ಕಡ್ಡಾಯ.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ 11ನ್ನೇ ಹಾಕಿ. ಬೇರೆ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಜಾಲತಾಣದಿಂದ 8 ಜಿಬಿ ಪೆನ್‌ಡ್ರೈವ್ ತಯಾರಿಸಿಕೊಳ್ಳಿ. ಅನುಸ್ಥಾಪನೆಯ ನಡುವೆ ಇಂಟರ್‌ನೆಟ್ ಕೇಳುತ್ತದೆ, ಹೊಸ ಬೋರ್ಡಿನ ವೈಫೈ ಡ್ರೈವರ್ ಅದರಲ್ಲಿ ಇರದಿರಬಹುದು. ಬೋರ್ಡ್ ತಯಾರಕರ ತಾಣದಿಂದ ಲ್ಯಾನ್, ವೈಫೈ ಡ್ರೈವರ್‌ಗಳನ್ನು ಅದೇ ಪೆನ್‌ಡ್ರೈವ್‌ಗೆ ಹಾಕಿಡಿ. ಇಲ್ಲವೇ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಚಾಲೂ ಮಾಡಿದರೂ ಹೆಚ್ಚಿನ ಸಲ ಕೆಲಸ ನಡೆಯುತ್ತದೆ. ಆಮೇಲೆ ಗ್ರಾಫಿಕ್ಸ್ ಡ್ರೈವರನ್ನು ಎಎಂಡಿ ಅಥವಾ ಎನ್‌ವಿಡಿಯಾ ತಾಣದಿಂದಲೇ ಇಳಿಸಿಕೊಳ್ಳಿ.

ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ರಿಫ್ರೆಶ್ ದರ ಎಷ್ಟಿದೆ ನೋಡಿ. 144 ಅಥವಾ 180 ಹರ್ಟ್ಸ್ ಮಾನಿಟರನ್ನು ವಿಂಡೋಸ್ ಎಷ್ಟೋ ಸಲ 60ರಲ್ಲೇ ಬಿಟ್ಟಿರುತ್ತದೆ, ನೀವೇ ಬದಲಿಸಬೇಕು.

ಎಚ್‌ಡಬ್ಲ್ಯುಇನ್ಫೋ ಎಂಬ, ಬಿಸಿ ಎಷ್ಟಿದೆ ಎಂದು ತೋರಿಸುವ ಉಚಿತ ತಂತ್ರಾಂಶ ತೆರೆದಿಟ್ಟು ಹತ್ತು ನಿಮಿಷ ಸಿನೆಬೆಂಚ್ (ಪ್ರೊಸೆಸರನ್ನು ಪೂರ್ತಿ ದುಡಿಸುವ ಪರೀಕ್ಷೆ) ಓಡಿಸಿ, ಆಮೇಲೆ ಒಂದು ಗಂಟೆ ನಿಮ್ಮ ಅತಿ ಭಾರದ ಆಟ ಆಡಿ. 7600ರ ಗರಿಷ್ಠ ಮಿತಿ 95 ಡಿಗ್ರಿ. ಆಟದ ವೇಳೆಯಲ್ಲೇ ಅದು ಆ ಮಿತಿಗೆ ಅಂಟಿಕೊಂಡಿದ್ದರೆ ಕೂಲರ್ ಸರಿಯಾಗಿ ಕೂತಿಲ್ಲ ಅಥವಾ ಅದರ ಫ್ಯಾನ್ ತಿರುಗುತ್ತಿಲ್ಲ. ಆಟ ಇದ್ದಕ್ಕಿದ್ದಂತೆ ನಿಂತು ಡೆಸ್ಕ್‌ಟಾಪ್‌ಗೆ ಬರುತ್ತಿದ್ದರೆ ಎಕ್ಸ್‌ಪೋ ಆಫ್ ಮಾಡಿ ನೋಡಿ. ಆಗ ಸರಿಹೋದರೆ ಬಯೋಸ್ ಹೊಸದು ಮಾಡಿ ಮತ್ತೆ ಪ್ರಯತ್ನಿಸಿ. ಆಗಲೂ ಹಾಗೇ ಆದರೆ ಮೆಮೊರಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಿಸಿ, ಒಂದೇ ಒಂದು ದೋಷ ತೋರಿಸಿದರೂ ರ್‍ಯಾಮನ್ನು ವಾರಂಟಿಗೆ ಕೊಡಿ.

ಎರಡು ಮೂರು ತಿಂಗಳಿಗೊಮ್ಮೆ ಮುಂದಿನ ಜಾಲರಿ, ಪವರ್ ಸಪ್ಲೈ ಕೆಳಗಿನ ಜಾಲರಿ ತೆಗೆದು ಧೂಳು ಕೊಡವಿ. ಬ್ಲೋವರ್ ಬಳಸುವಾಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.